ಟೇಕಾಫ್ ಎಂಬ ಮೀಸಲು ಪದ

ಕಂಪ್ಯೂಟರ್ ಮುಂದೆ ಕೂತು ಕೋಡ್ ಕುಟ್ಟುವುದು ನನ್ನ ಹೊಟ್ಟೆಪಾಡು. ವಿಮಾನದ ಬಗ್ಗೆ ಬರೆಯುವ ಅಧಿಕಾರವೇನೂ ನನಗಿಲ್ಲ, ಆಸಕ್ತಿ ಮಾತ್ರ ಇದೆ :) ಆದರೆ ವಿಮಾನದವರು ಆಡುವ ಭಾಷೆಯ ಬಗ್ಗೆ ಓದುತ್ತಾ ಹೋದ ಹಾಗೆ ನಮ್ಮ ಕಸುಬಿನ ಒಂದು ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ. ಸಿ ಭಾಷೆ ಕಲಿತವರಿಗೆ ಗೊತ್ತು, ಅದರಲ್ಲಿ ಕೆಲವು ಮೀಸಲು ಪದಗಳಿವೆ. ‘ರಿಟರ್ನ್’, ‘ಬ್ರೇಕ್’ ಇಂಥವನ್ನು ಬೇರೆ ಯಾವುದಕ್ಕೂ ಹೆಸರಾಗಿ ಇಡುವ ಹಾಗಿಲ್ಲ. ಆ ಪದಕ್ಕೆ ಒಂದೇ ಅರ್ಥ, ಒಂದೇ ಕೆಲಸ. ಬೇರೆ ಕಡೆ ಬಳಸಿದಿರೋ, ಕಂಪೈಲರ್ ಬೈಯುತ್ತದೆ. ತಿದ್ದಿ ಮುಂದೆ ಹೋಗುತ್ತೀರಿ, ಅಷ್ಟೇ. ಯಾರ ಪ್ರಾಣವೂ ಹೋಗುವುದಿಲ್ಲ.

ವಿಮಾನದ ಭಾಷೆಯಲ್ಲೂ ಮೀಸಲು ಪದಗಳಿವೆ. ‘ಟೇಕಾಫ್’ ಅವುಗಳಲ್ಲಿ ಒಂದು. ನಾವು ನೀವು ಈ ಪದವನ್ನು ಎಲ್ಲಿ ಬೇಕಾದರೂ ಬಳಸುತ್ತೇವೆ. ಆದರೆ ಟವರಿನವರು ರೇಡಿಯೋದಲ್ಲಿ ಈ ಪದವನ್ನು ಆಡಬೇಕಾದ್ದು ಮೇಲೇರಲು ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟ ಅನುಮತಿಯನ್ನು ರದ್ದು ಮಾಡುವಾಗ ಮಾತ್ರ. ಉಳಿದೆಲ್ಲ ಹೊತ್ತಿನಲ್ಲಿ ‘ಡಿಪಾರ್ಚರ್’ ಎನ್ನಬೇಕು. ಪೈಲಟ್ ತಯಾರಾಗಿ ನಿಂತಿದ್ದರೂ ‘ರೆಡಿ ಫಾರ್ ಡಿಪಾರ್ಚರ್’ ಎನ್ನುತ್ತಾನೆಯೇ ಹೊರತು ಟೇಕಾಫ್ ಎನ್ನುವುದಿಲ್ಲ. ಓದಿದರೆ ಯಾವುದೋ ಗುಮಾಸ್ತನ ಮಡಿವಂತಿಕೆ ಅನ್ನಿಸುತ್ತದೆ, ಅಲ್ವಾ? ಇದರ ಹಿಂದೆ 583 ಸಾವುಗಳಿವೆ.

1977ರ ಮಾರ್ಚ್ 27, ಭಾನುವಾರ. ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಗ್ರಾನ್ ಕೆನೇರಿಯಾ ಎಂಬ ದ್ವೀಪವಿದೆ. ಅಲ್ಲಿನ ವಿಮಾನ ನಿಲ್ದಾಣದ ಹೂವಿನ ಅಂಗಡಿಯಲ್ಲಿ ಬಾಂಬ್ ಸಿಡಿಯಿತು. ನಿಲ್ದಾಣ ಮುಚ್ಚಿದರು. ಅಲ್ಲಿಗೆ ಬರಬೇಕಿದ್ದ ವಿಮಾನಗಳನ್ನೆಲ್ಲ ಪಕ್ಕದ ಟೆನೆರೀಫ್ ದ್ವೀಪದ ಲಾಸ್ ರೋದಿಯೋಸ್ ನಿಲ್ದಾಣಕ್ಕೆ ಕಳಿಸಿದರು. ಅದು ಒಂದೇ ರನ್‌ವೇ ಇದ್ದ ಸಣ್ಣ ನಿಲ್ದಾಣ. ಬಂದ ವಿಮಾನಗಳು ಟ್ಯಾಕ್ಸಿವೇಯ ಮೇಲೂ ನಿಂತಿದ್ದರಿಂದ, ಹೊರಡುವವರು ರನ್‌ವೇ ಮೇಲೆಯೇ ಉದ್ದಕ್ಕೂ ಹೋಗಿ, ಕೊನೆಯಲ್ಲಿ ತಿರುಗಿ ನಿಂತು ಏರಬೇಕಿತ್ತು.

ಹಾಗೆ ಬಂದು ಸಿಕ್ಕಿಹಾಕಿಕೊಂಡವರಲ್ಲಿ ಎರಡು ಬೋಯಿಂಗ್ 747ಗಳಿದ್ದವು. ಒಂದು ಹಾಲೆಂಡಿನ ಕೆಎಲ್‌ಎಂ ಸಂಸ್ಥೆಯದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯದು. ಗ್ರಾನ್ ಕೆನೇರಿಯಾ ಮತ್ತೆ ತೆರೆಯುವ ಹೊತ್ತಿಗೆ ಎಲ್ಲರಿಗೂ ಅವಸರ. ಕೆಎಲ್‌ಎಂ ಪೈಲಟ್‌ಗಳಿಗೆ ಇನ್ನೊಂದು ಚಿಂತೆ. ಡ್ಯೂಟಿ ಅವಧಿಯ ನಿಯಮವನ್ನು ಹಾಲೆಂಡಿನಲ್ಲಿ ಆಗಷ್ಟೇ ಬಿಗಿ ಮಾಡಿದ್ದರು. ಮಿತಿ ದಾಟಿದರೆ ಹಾರುವ ಹಾಗಿಲ್ಲ, ಪ್ರಯಾಣಿಕರೊಂದಿಗೆ ಅಲ್ಲೇ ರಾತ್ರಿ ಕಳೆಯಬೇಕು. ಆಯಾಸಗೊಂಡ ಪೈಲಟ್ ಹಾರಬಾರದು ಅಂತ ಮಾಡಿದ ನಿಯಮವೇ ಆ ದಿನ ಅವಸರಕ್ಕೂ ಒಂದು ಕಾರಣವಾಯಿತು. ಅಷ್ಟರಲ್ಲಿ ಮಂಜು ಕವಿಯಿತು.

ಕೆಎಲ್‌ಎಂ ರನ್‌ವೇ ತುದಿಯಲ್ಲಿ ತಿರುಗಿ ನಿಂತಿತು. ಪ್ಯಾನ್ ಆಮ್ ಇನ್ನೂ ಅದೇ ರನ್‌ವೇ ಮೇಲೆ ಎದುರಿಗೆ ಬರುತ್ತಿತ್ತು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಟವರಿನಿಂದ ಇಬ್ಬರೂ ಕಾಣುತ್ತಿರಲಿಲ್ಲ. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರಾಡಾರ್ ಅಲ್ಲಿರಲಿಲ್ಲ. ಎಲ್ಲರ ಕಣ್ಣೂ ರೇಡಿಯೋ ಒಂದೇ.

ಇಲ್ಲಿ ಒಂದು ಸಣ್ಣ ಪಾಠ ಬೇಕು. ಟವರ್ ಕೊಡುವ ಅನುಮತಿಗೆ ‘ಕ್ಲಿಯರೆನ್ಸ್’ ಎನ್ನುತ್ತಾರೆ. ಅದರಲ್ಲಿ ಎರಡು ಬಗೆಗಳನ್ನು ಬೇರೆ ಮಾಡಿ ನೋಡಬೇಕು. ‘ಮೇಲೇರಿದ ಮೇಲೆ ಈ ದಾರಿಯಲ್ಲಿ, ಇಷ್ಟು ಎತ್ತರಕ್ಕೆ ಹೋಗಿ’ ಎನ್ನುವುದು ಮಾರ್ಗದ ಕ್ಲಿಯರೆನ್ಸ್. ‘ಈಗ ಏರಿ’ ಎನ್ನುವುದು ಟೇಕಾಫ್ ಕ್ಲಿಯರೆನ್ಸ್. ಮೊದಲನೆಯದು ಸಿಕ್ಕಿದರೆ ಎರಡನೆಯದು ಸಿಕ್ಕ ಹಾಗಲ್ಲ.

ಆ ದಿನ ಕೆಎಲ್‌ಎಂಗೆ ಸಿಕ್ಕಿದ್ದು ಮೊದಲನೆಯದು ಮಾತ್ರ. ಆದರೆ ಅದನ್ನು ಹೇಳುವಾಗ ಕಂಟ್ರೋಲರ್ ಬಾಯಲ್ಲಿ ‘ಟೇಕಾಫ್ ಆದ ಮೇಲೆ’ ಎಂಬ ಮಾತು ಬಂತು. ಕೋ-ಪೈಲಟ್ ಅದನ್ನು ತಿರುಗಿ ಓದಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟು ವಿಮಾನ ಓಡಿಸಲು ಶುರುಮಾಡಿದ. ಕೋ-ಪೈಲಟ್ ತನ್ನ ಮಾತಿನ ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಒಂದು ವಾಕ್ಯ ಸೇರಿಸಿದ. ಟೇಕಾಫ್ ಜಾಗದಲ್ಲಿ ನಿಂತಿದ್ದೇವೆ ಅಂತಲೋ? ಏರುತ್ತಿದ್ದೇವೆ ಅಂತಲೋ? ಕಂಟ್ರೋಲರ್ ನಿಂತಿದ್ದಾರೆ ಅಂತಲೇ ತಿಳಿದ. ‘ಓಕೆ’ ಎಂದು, ಒಂದು ಕ್ಷಣ ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ ಅಂದ. ಅದೇ ಕ್ಷಣಕ್ಕೆ ಗಾಬರಿಯಾದ ಪ್ಯಾನ್ ಆಮ್ ಪೈಲಟ್ ತಾವಿನ್ನೂ ರನ್‌ವೇ ಮೇಲಿದ್ದೇವೆ ಎಂದ.

ನೆಟ್‌ವರ್ಕಿಂಗ್ ಓದಿದವರಿಗೆ ಮುಂದಿನದು ಹೊಳೆದಿರಬೇಕು. ಎಲ್ಲರದೂ ಒಂದೇ ತರಂಗಾಂತರ, ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರೆ ಎರಡೂ ಮಾತು ಡಿಕ್ಕಿ ಹೊಡೆದು ಬರೀ ಕಿರುಚು ಶಬ್ದ. ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಚೆನ್ನಾಗಿ ಕೇಳಿಸಿದ್ದು ‘ಓಕೆ’ ಒಂದೇ. ಎರಡರಲ್ಲಿ ಯಾವುದಾದರೂ ಒಂದು ಮಾತು ಸ್ಪಷ್ಟವಾಗಿ ಕೇಳಿಸಿದ್ದರೂ ಸಾಕಿತ್ತು...

ಆಮೇಲೂ ಒಂದು ಅವಕಾಶ ಇತ್ತು. ರನ್‌ವೇ ಬಿಟ್ಟ ಮೇಲೆ ತಿಳಿಸಿ ಅಂತ ಕಂಟ್ರೋಲರ್ ಪ್ಯಾನ್ ಆಮ್‌ಗೆ ಹೇಳಿದ್ದು ಕೆಎಲ್‌ಎಂನ ಫ್ಲೈಟ್ ಇಂಜಿನಿಯರ್ ಕಿವಿಗೆ ಬಿತ್ತು. ಆ ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ ಅಂತ ಆತ ಕೇಳಿಯೇ ಕೇಳಿದ. ಕ್ಯಾಪ್ಟನ್ ಬಿಟ್ಟಾಯಿತು ಅಂತ ಖಡಾಖಂಡಿತವಾಗಿ ಹೇಳಿಬಿಟ್ಟ. ಆ ಕ್ಯಾಪ್ಟನ್ ಸಾಮಾನ್ಯನಲ್ಲ, ಸಂಸ್ಥೆಯ ಹಿರಿಯ ತರಬೇತುದಾರ, ಜಾಹೀರಾತಿನಲ್ಲಿ ಮುಖ ಬರುತ್ತಿದ್ದವನು. ಇಂಜಿನಿಯರ್ ಸುಮ್ಮನಾದ. ಕೆಲವೇ ಸೆಕೆಂಡುಗಳಲ್ಲಿ ಎರಡೂ ವಿಮಾನಗಳು ಡಿಕ್ಕಿಯಾದವು. ಕೆಎಲ್‌ಎಂನಲ್ಲಿದ್ದ 248 ಜನರೂ, ಪ್ಯಾನ್ ಆಮ್‌ನ 335 ಜನರೂ ಸತ್ತರು. ಬದುಕಿದವರು ಪ್ಯಾನ್ ಆಮ್‌ನ 61 ಜನ ಮಾತ್ರ.

ಟೇಕಾಫ್ ಮೀಸಲು ಪದವಾದದ್ದು ಈ ಅಪಘಾತದ ನಂತರ. ‘ಓಕೆ’ಯಂಥ ಸಡಿಲ ಮಾತುಗಳನ್ನು ರೇಡಿಯೋದಿಂದ ಹೊರಗಿಡಬೇಕೆಂಬುದೂ ಗಟ್ಟಿಯಾಯಿತು. ಸಿನಿಮಾದಲ್ಲಿ ಕೇಳುವ ‘ರಾಜರ್’ ಎಂದರೆ ‘ನೀವು ಹೇಳಿದ್ದು ಪೂರ್ತಿ ಕೇಳಿಸಿತು’ ಅಂತಷ್ಟೇ, ‘ಆಗಲಿ’ ಅಂತಲ್ಲ. ಹೇಳಿದಂತೆ ಮಾಡುತ್ತೇನೆ ಎನ್ನಲು ‘ವಿಲ್ಕೋ’. ಹೌದು ಎನ್ನಲು ‘ಅಫರ್ಮ್’. ಮುಖ್ಯ ಸೂಚನೆಗಳನ್ನು ಪೈಲಟ್ ಹಾಗೇ ತಿರುಗಿ ಹೇಳಬೇಕು, ತಪ್ಪಿದ್ದರೆ ಕಂಟ್ರೋಲರ್ ಅಲ್ಲೇ ತಿದ್ದಬೇಕು. ಇದು ‘ರೀಡ್‌ಬ್ಯಾಕ್’. ನಮ್ಮ ಪ್ರೋಟೋಕಾಲ್‌ಗಳ ‘ಅಕ್ನಾಲೆಡ್ಜ್‌ಮೆಂಟ್’ಗಿಂತ ಒಂದು ಕೈ ಮೇಲು. ನಮ್ಮದರಲ್ಲಿ ‘ತಲುಪಿತು’ ಅಂದರೆ ಮುಗಿಯಿತು, ಇವರದರಲ್ಲಿ ತಲುಪಿದ್ದೇನು ಅಂತಲೂ ಒಪ್ಪಿಸಬೇಕು.

ಈ ನಿಯಮಗಳನ್ನು ಮಾಡುವವರು ಯಾರು? 1944ರ ಡಿಸೆಂಬರಿನಲ್ಲಿ, ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಷಿಕಾಗೋದಲ್ಲಿ ಸೇರಿದ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಅದರಿಂದ 1947ರಲ್ಲಿ ಐಸಿಎಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು, ಕೇಂದ್ರ ಕಚೇರಿ ಮಾಂಟ್ರಿಯಲ್‌ನಲ್ಲಿ. ಅದು ಮಾನದಂಡ ಬರೆಯುತ್ತದೆ, ಒಂದೊಂದು ದೇಶವೂ ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಆ ಕೆಲಸ ನೋಡುವುದು ಡಿಜಿಸಿಎ. ಪೈಲಟ್ ಲೈಸೆನ್ಸು, ವಿಮಾನ ಹಾರಲು ಯೋಗ್ಯವೇ ಎಂಬ ಪ್ರಮಾಣಪತ್ರ, ಡ್ಯೂಟಿ ಅವಧಿ ಎಲ್ಲ ಅದರ ಕೈಯಲ್ಲಿದೆ. ಟವರಿನಲ್ಲಿ ಕೂತು ಮಾತಾಡುವವರು ಹೆಚ್ಚಾಗಿ ವಿಮಾನ ನಿಲ್ದಾಣ ಪ್ರಾಧಿಕಾರದವರು. ಬ್ರಿಟಿಷರ ಕಾಲದ 1934ರ ವಿಮಾನ ಕಾಯ್ದೆ ಹೋಗಿ, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ.

ಈ ವ್ಯವಸ್ಥೆಯಲ್ಲಿ ಪದಕ್ಕೆ ಎಷ್ಟು ಬೆಲೆ ಎನ್ನುವುದಕ್ಕೆ ಇನ್ನೊಂದು ಘಟನೆ. 1990ರ ಜನವರಿ 25ರಂದು ಕೊಲಂಬಿಯಾದಿಂದ ಬಂದ ಅವಿಯಾಂಕಾ ವಿಮಾನ ನ್ಯೂಯಾರ್ಕ್ ಸಮೀಪ ಒಟ್ಟು ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತುತ್ತಾ ಕಾಯಬೇಕಾಯಿತು. ಇಂಧನ ಮುಗಿಯುತ್ತಿದೆ, ನಮಗೆ ಆದ್ಯತೆ ಬೇಕು ಎಂದು ಕೋ-ಪೈಲಟ್ ಹೇಳಿದ. ಆದರೆ ‘ಎಮರ್ಜೆನ್ಸಿ’ ಎಂಬ ಪದ ಬಳಸಲಿಲ್ಲ. ಆ ಪದವೋ, ‘ಮೇಡೇ’ಯೋ ಬಂದಿದ್ದರೆ ಬೇರೆಯವರನ್ನು ಸರಿಸಿ ದಾರಿ ಬಿಡುತ್ತಿದ್ದರು. ಇಂಧನ ಬರಿದಾಗಿ ವಿಮಾನ ಲಾಂಗ್ ಐಲೆಂಡಿನಲ್ಲಿ ಬಿತ್ತು. 158 ಜನರಲ್ಲಿ 73 ಜನ ಸತ್ತರು. ಇಂಧನದ ಸ್ಥಿತಿಯನ್ನು ತಿಳಿಸಲು ಎಲ್ಲರಿಗೂ ಅರ್ಥವಾಗುವ ಒಂದೇ ಪರಿಭಾಷೆ ಇರಲಿಲ್ಲ ಎನ್ನುವುದನ್ನೂ ತನಿಖೆ ಎತ್ತಿ ತೋರಿಸಿತು. ಈಗ ಅದಕ್ಕೂ ಮೀಸಲು ಪದಗಳಿವೆ. ‘ಮಿನಿಮಮ್ ಫ್ಯೂಯೆಲ್’ ಎಂದರೆ ಇನ್ನು ತಡವಾದರೆ ತೊಂದರೆ. ‘ಮೇಡೇ ಫ್ಯೂಯೆಲ್’ ಎಂದರೆ ಈಗಲೇ ಇಳಿಸಿ.

ಹಾಗಾದರೆ ಪದಕ್ಕೆ ಸರಿಯಾದ ಅರ್ಥ ಕಟ್ಟಿಬಿಟ್ಟರೆ ಮುಗಿಯಿತೇ? ಇಲ್ಲ. ಅದು ನಮ್ಮ ಮಂಗಳೂರಿನಲ್ಲೇ ಗೊತ್ತಾಯಿತು.

‘ಗೋ ಅರೌಂಡ್’ ಎಂಬುದೊಂದು ಪದ. ಇಳಿಯಲು ಬರುತ್ತಿರುವಾಗ ವೇಗ, ಎತ್ತರ, ಇಳಿಜಾರು ಯಾವುದಾದರೂ ಲೆಕ್ಕಕ್ಕೆ ಸರಿ ಬರದಿದ್ದರೆ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರಬೇಕು. ಲೆಕ್ಕ ಸರಿ ಇದ್ದರೆ ಅದು ‘ಸ್ಟೆಬಿಲೈಸ್ಡ್ ಅಪ್ರೋಚ್’. ಇಲ್ಲದಿದ್ದರೆ ಗೋ ಅರೌಂಡ್. ಬಾಜಪೆ ನೋಡಿದವರಿಗೆ ಗೊತ್ತು, ಗುಡ್ಡದ ತಲೆ ಸವರಿ ಮಾಡಿದ ನಿಲ್ದಾಣ. ರನ್‌ವೇ ಮುಗಿದ ಕಡೆ ಕಣಿವೆ. ಅಲ್ಲಿ ಈ ಪದಕ್ಕೆ ಇನ್ನೂ ಹೆಚ್ಚಿನ ತೂಕ.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ನೆಲ ಹತ್ತಿರವಾದಾಗ ಎಚ್ಚರಿಸುವ ಯಂತ್ರ ಹಲವು ಸಲ ಕೂಗಿತು. ಕೋ-ಪೈಲಟ್ ಮೂರು ಸಲ ‘ಗೋ ಅರೌಂಡ್’ ಹೇಳಿದ. ಕ್ಯಾಪ್ಟನ್ ಇಳಿಸಿಯೇ ಇಳಿಸಿದ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ವಿಮಾನ ಕಣಿವೆಗೆ ಬಿತ್ತು. 158 ಜನ ಸತ್ತರು, 8 ಜನ ಉಳಿದರು.

ಇಲ್ಲಿ ಪದ ಇತ್ತು. ಅದಕ್ಕೆ ಒಂದೇ ಅರ್ಥ ಇತ್ತು. ಸರಿಯಾದ ಹೊತ್ತಿಗೆ, ಒಂದಲ್ಲ ಮೂರು ಸಲ, ಬಾಯಿಂದ ಬಂತು. ಟೆನೆರೀಫ್‌ನಲ್ಲಿ ಇಲ್ಲದೇ ಹೋದದ್ದೆಲ್ಲ ಇಲ್ಲಿತ್ತು. ಆದರೂ 33 ವರ್ಷ ಹಿಂದಿನ ಆ ಇಂಜಿನಿಯರನ ಪ್ರಶ್ನೆಗೆ ಆದ ಗತಿಯೇ ಇದಕ್ಕೂ ಆಯಿತು. ಹೇಳುವವನು ಕಿರಿಯ, ಕೇಳಬೇಕಾದವನು ಹಿರಿಯ. ಕೋ-ಪೈಲಟ್ ಯಾಕೆ ತಾನೇ ಕಂಟ್ರೋಲ್ ತೆಗೆದುಕೊಳ್ಳಲಿಲ್ಲ? ತನಿಖಾ ವರದಿ ಇದನ್ನೂ ಕೇಳಿತು. ಗೋ ಅರೌಂಡ್ ಮಾಡುವ ಅಧಿಕಾರ ಕೋ-ಪೈಲಟ್‌ಗೆ ಎಷ್ಟಿದೆ ಎಂಬ ಬಗ್ಗೆ ಸೂಚನೆಗಳೇ ಅಸ್ಪಷ್ಟವಾಗಿದ್ದವು, ಬಹುಶಃ ಅದೇ ಕಾರಣ ಇರಬೇಕು ಎಂದಿತು.

ನನ್ನನ್ನು ಕಾಡುವುದು ಇದೇ. ಒಂದು ಪದವನ್ನು ಮೀಸಲಿಡುವುದು ಕಷ್ಟದ ಕೆಲಸವಲ್ಲ, ಒಂದು ಸುತ್ತೋಲೆ ಸಾಕು. ಆ ಪದವನ್ನು ಯಾರು ಹೇಳಿದರೂ, ಹೇಳಿದವನ ವಯಸ್ಸು, ಹುದ್ದೆ ನೋಡದೆ ಅದು ಕೆಲಸ ಮಾಡಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಾವಂತೂ ಹಿರಿಯರ ಮಾತಿಗೆ ಎದುರಾಡಬಾರದು ಅಂತ ಕೇಳಿಕೊಂಡೇ ಬೆಳೆದವರು. ಆಫೀಸಿನಲ್ಲೂ ಅಷ್ಟೇ. ಟೆನೆರೀಫ್ ನಂತರದ ವರ್ಷಗಳಲ್ಲಿ ‘ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂಬ ತರಬೇತಿ ಬೆಳೆದು ಬಂತು. ಹೆಸರು ದೊಡ್ಡದು, ತಿರುಳು ಸಣ್ಣದು: ಕಿರಿಯ ಬಾಯಿಬಿಟ್ಟು ಹೇಳಬೇಕು, ಹಿರಿಯ ಕಿವಿಗೊಟ್ಟು ಕೇಳಬೇಕು. ಕಂಪೈಲರ್‌ಗೆ ಕೋಡ್ ಬರೆದವರು ಟ್ರೈನಿಯೋ ಮ್ಯಾನೇಜರೋ ಗೊತ್ತಾಗುವುದಿಲ್ಲ, ಇಬ್ಬರನ್ನೂ ಒಂದೇ ಥರ ಬೈಯುತ್ತದೆ. ಮನುಷ್ಯರಿಗೆ ಅದನ್ನು ಕಲಿಸಬೇಕಾಗುತ್ತದೆ.

ಮುಂದಿನ ಸಲ ನೀವು ಕೂತ ವಿಮಾನ ಇನ್ನೇನು ಇಳಿಯಿತು ಅನ್ನುವಾಗ ಇದ್ದಕ್ಕಿದ್ದ ಹಾಗೆ ಇಂಜಿನ್ ಗುಡುಗಿಸಿ ಮತ್ತೆ ಮೇಲಕ್ಕೆ ಹೋದರೆ ಗಾಬರಿಯಾಗಬೇಡಿ. ತಡವಾಯಿತು ಅಂತ ಬೈಯಲೂಬೇಡಿ. ಮುಂದೆ ಕೂತವರಲ್ಲಿ ಯಾರೋ ಒಬ್ಬರು ಆ ಪದ ಹೇಳಿರುತ್ತಾರೆ, ಇನ್ನೊಬ್ಬರು ಕೇಳಿರುತ್ತಾರೆ. ಹಾಗೆ ಗೋ ಅರೌಂಡ್ ಆದ ವಿಮಾನದಲ್ಲಿ ನಿಮ್ಮಲ್ಲಿ ಯಾರಾದರೂ ಇದ್ದಿರಾ? ಇದ್ದರೆ ಹೇಳಿ, ಕೇಳೋಣ.