ಗುಡಿಸಿದ ಹುಡಿಯ ಲೆಕ್ಕ

ಶ್ರೀಗಂಧದ ಮರಾನ ಸರ್ಕಾರದ ಕೋಠಿಗಳಲ್ಲಿ 18 ದರ್ಜೆ ಮಾಡಿ ಇಡ್ತಿದ್ರು ಅಂತ ನಿಮಗೆ ಗೊತ್ತಿತ್ತಾ? ಮೊದಲನೇದು ವಿಲಾಯತಿ ಬುಧ್, ಎರಡನೇದು ಚೈನಾ ಬುಧ್. ಇವೆಲ್ಲ ದಪ್ಪ ದಪ್ಪ, ಗಟ್ಟಿ ತುಂಡುಗಳು. ಹಾಗೇ ಇಳೀತಾ ಬಂದ್ರೆ ಬೇರು, ಆಮೇಲೆ ಚಕ್ಕೆ, ಚೂರು. 17ನೇದಕ್ಕೆ ಬಸೋಲ ಬುಕ್ನಿ ಅಂತ ಹೆಸರು, ಅಂದ್ರೆ ಮರ ಸವರುವಾಗ ಬೀಳೋ ಪುಡಿಚಕ್ಕೆ. ಕಡೇದು, 18ನೇದು ಎಂತ ಅಂದ್ರೆ ಗರಗಸದ ಹುಡಿ! ಹುಡಿಗೂ ಒಂದು ದರ್ಜೆ, ಅದಕ್ಕೂ ಒಂದು ರೇಟು.

ಇಷ್ಟು ಲೆಕ್ಕ ಎಂತಕ್ಕೆ ಅಂದ್ರೆ ಗಂಧದ ಮರ ಮೊದಲಿಂದಲೂ ಅರಮನೆ ಸೊತ್ತು. 1792ರಲ್ಲಿ ಟಿಪ್ಪು ಅದನ್ನ ರಾಜವೃಕ್ಷ ಅಂತ ಮಾಡಿದ. ಆಮೇಲೆ ಬಂದ ಒಡೆಯರೂ ಹಾಗೇ ಇಟ್ಟುಕೊಂಡ್ರು, ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೂ ಬಿಡಲಿಲ್ಲ. ನಮ್ಮ ಹಿತ್ತಲಲ್ಲಿ ತಾನಾಗೇ ಹುಟ್ಟಿದ ಗಿಡವೂ ನಮ್ಮದಲ್ಲ! 2001ರಲ್ಲಿ ಕಾಯ್ದೆ ತಿದ್ದುಪಡಿ ಆದ ಮೇಲೇ ಜಾಗದ ಯಜಮಾನರಿಗೆ ಮರದ ಹಕ್ಕು ಬಂದಿದ್ದು. ಅಷ್ಟು ವರ್ಷ ಹಿತ್ತಲಲ್ಲಿ ಗಂಧದ ಗಿಡ ಕಂಡ್ರೆ ನಮ್ಮ ಅಜ್ಜಂದಿರಿಗೆ ಖುಷಿಗಿಂತ ಹೆದರಿಕೆನೇ ಜಾಸ್ತಿ ಇತ್ತು.

ಮೊದಲನೇ ಮಹಾಯುದ್ಧ ಶುರುವಾಗಿ ಯುರೋಪಿಗೆ ಮರ ಕಳಿಸೋದು ಕಷ್ಟ ಆದಾಗ, 1916ರಲ್ಲಿ ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿದ್ರು. 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಒಂದು ಆಯ್ತು. ಎಣ್ಣೆ ತೆಗೀಬೇಕು ಅಂದ್ರೆ ಮರಾನ ಮೊದಲು ಪುಡಿ ಮಾಡಬೇಕು, ಆಮೇಲೆ ಹಬೆ ಹಾಯಿಸಬೇಕು. ಹಾಗಾಗಿ ಹುಡಿ ಅಂದ್ರೆ ಅರ್ಧ ಕೆಲಸ ಮುಗಿದ ಹಾಗೇ. ಎಣ್ಣೆ ತೆಗೆದು ಉಳಿದ ಪುಡಿನೂ ದಂಡ ಆಗಲ್ಲ, ಊದುಬತ್ತಿಗೆ ಹೋಗುತ್ತೆ.

ಈಗ ಮನೆ ವಿಷಯಕ್ಕೆ ಬರ್ತೀನಿ. ಸಾಗರ, ಸೊರಬ, ಸಿರಸಿ, ಕುಮಟಾ ಕಡೆ ಗುಡಿಗಾರರ ಮನೆ ನೋಡಿದವರಿಗೆ ಗೊತ್ತು, ಅವರಿಗೆ ಕಾರ್ಖಾನೆ ಬೇರೆ, ಮನೆ ಬೇರೆ ಅಂತ ಇರ್ತಿರಲಿಲ್ಲ. ಜಗಲಿ ಮೇಲೇ ಕೂತು ಉಳಿ ಹಿಡಿಯೋದು. ನಾನು ಸಣ್ಣವಳಿದ್ದಾಗ ಹೋಗಿ ಬರ್ತಿದ್ದ ಒಂದು ಮನೆಯಲ್ಲಿ ಕೆತ್ತೋ ಜಾಗಕ್ಕೆ ಹಳೇ ಹತ್ತಿ ಸೀರೆ ಹಾಸಿರ್ತಿದ್ರು. ಸಂಜೆ ಆದ ಕೂಡಲೇ ಆ ಮನೆ ಅಮ್ಮ ಸೀರೆಯ ನಾಲ್ಕೂ ಮೂಲೆ ಎತ್ತಿ ನಡುವಿಗೆ ಹುಡಿ ಸೇರಿಸೋರು. ಕೆಂಪು ಚೇಗಿನ ಚಕ್ಕೆ ಒಂದು ಡಬ್ಬಿಗೆ, ವಾಸನೆ ಇಲ್ಲದ ಬಿಳಿ ಹೊರಮರದ್ದು ಇನ್ನೊಂದಕ್ಕೆ. ಜರಡಿ ಹಿಡಿದು ಹುಡಿ ಬೇರೆ. ಆಮೇಲೆ ನೆಲಾನ ಮೆತ್ತನೆ ಕಸಬರಿಗೆಯಲ್ಲಿ ಗುಡಿಸಿ ಅದನ್ನೂ ಜರಡಿಗೆ ಹಾಕೋರು. ಮನೆಯೊಳಗೆ ಹೋದ್ರೆ ಅನ್ನಕ್ಕೂ ಗಂಧದ ಪರಿಮಳ! ನಮಗೆ ಅದು ಸ್ವರ್ಗ. ಆ ಅಮ್ಮನ ತಲೆಗೂದಲು, ಹುಬ್ಬು ಎಲ್ಲ ಸಂಜೆ ಹೊತ್ತಿಗೆ ಹುಡಿ ಮೆತ್ತಿ ಕಂದು ಬಣ್ಣ ಆಗಿರ್ತಿತ್ತು, ಅದನ್ನ ಮಾತ್ರ ನಾವು ಯಾರೂ ಗಮನಿಸ್ತಿರಲಿಲ್ಲ.

ಬೀಟೆ, ಸಾಗುವಾನಿ, ಹಲಸು ಕೆಲಸದ ಮನೆಗಳಲ್ಲಿ ಇಷ್ಟು ಅಕ್ಕರೆ ಇರಲಿಲ್ಲ. ಅಲ್ಲಿ ಕೀಸುಳಿ ಹೊಡೆದ ಸುರುಳಿ ಎಲ್ಲ ಬಚ್ಚಲೊಲೆಗೆ. ಹಂಡೆ ನೀರು ಕಾಯಿಸೋಕೆ ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ, ಒಂದು ಕಡ್ಡಿ ಗೀರಿದ್ರೆ ಸಾಕು. ಮರದ ಮಿಲ್ಲಿನ ಹೊಟ್ಟಿಗಂತೂ ನಮ್ಮ ಹೆಂಗಸರೇ ಒಂದು ದಾರಿ ಕಂಡುಕೊಂಡಿದ್ರು. ಹೊಟ್ಟಿನ ಒಲೆ ನೆನಪಿದ್ಯಾ ಚಿಕ್ಕಿ? ತಗಡಿನ ಡಬ್ಬಿ, ಬುಡದ ಹತ್ತಿರ ಒಂದು ತೂತು. ನಡುವೆ ಒಂದು ಬಾಟ್ಲಿ ನೆಟ್ಟಗೆ ನಿಲ್ಲಿಸಿ, ತೂತಿಂದ ಅದರ ಬುಡಕ್ಕೆ ಒಂದು ಕೋಲು ಇಟ್ಟು, ಸುತ್ತ ಹೊಟ್ಟು ಹಾಕಿ ಗುದ್ದಿ ಗುದ್ದಿ ಗಟ್ಟಿ ಮಾಡೋದು. ಆಮೇಲೆ ಬಾಟ್ಲಿನ ನಿಧಾನ ತಿರುಗಿಸಿ ಎಳೆದ್ರೆ ನಡುವೆ ಹೊಗೆಗೂಡು ರೆಡಿ. ಕೋಲು ಎಳೆದ್ರೆ ಗಾಳಿ ಹೋಗೋ ದಾರಿ. ಕೆಳಗಿಂದ ಬೆಂಕಿ ಹಚ್ಚಿದ್ರೆ ಅನ್ನ, ಸಾರು, ಪಲ್ಯ ಎಲ್ಲ ಆಗಿ ಹಾಲೂ ಕಾಯ್ತಿತ್ತು. ಹೊಟ್ಟು ಸಡಿಲ ಇದ್ರೆ ಕುಸಿದು ಕೂತು ಬರೀ ಹೊಗೆ. ಗ್ಯಾಸ್ ಬಂದ ಮೇಲೆ ಆ ಡಬ್ಬಿ ಅಟ್ಟ ಸೇರಿತು. ಅದು ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ, ಕಣ್ಣುರಿ ಯಾರಿಗೆ ಬೇಕು?

ಇಷ್ಟು ದಿನ ಹುಡಿ ಅಂದ್ರೆ ದುಡ್ಡು, ಇಲ್ಲಾ ಉರುವಲು. ಅದು ಮೂಗಿನೊಳಗೆ ಹೋಗಿ ಎಂತ ಮಾಡುತ್ತೆ ಅಂತ ಲೆಕ್ಕ ಹಾಕಿದ್ದು ಬೇರೆ ದೇಶದಲ್ಲಿ. ಇಂಗ್ಲೆಂಡಿನಲ್ಲಿ ಹೈ ವಿಕೋಂಬ್ ಅಂತ ಒಂದು ಊರು, ಅಲ್ಲಿಯ ಕುರ್ಚಿಗೆ ದೊಡ್ಡ ಹೆಸರು. ಎಸ್ಮೆ ಹ್ಯಾಡ್‌ಫೀಲ್ಡ್ ಅಂತ ಅಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು. ಹೌದು, ಹೆಂಗಸೇ! ಮೂಗಿನೊಳಗೆ ಆಗೋ ಒಂದು ಬಹಳ ಅಪರೂಪದ ಕ್ಯಾನ್ಸರು ತನ್ನ ಹತ್ತಿರ ಬರೋ ಮರಗೆಲಸದವರಲ್ಲೇ ಮತ್ತೆ ಮತ್ತೆ ಕಾಣೋದನ್ನ ಅವರು ಗಮನಿಸಿದ್ರು. ಆಮೇಲೆ ಬೇರೆ ಡಾಕ್ಟರುಗಳ ಜೊತೆ ಸೇರಿ ಲೆಕ್ಕ ತೆಗೆದು 1968ರಲ್ಲಿ ಪ್ರಕಟ ಮಾಡಿದ್ರು. ಪೀಠೋಪಕರಣ ಮಾಡೋರಲ್ಲಿ ಆ ಕಾಯಿಲೆ ಬೇರೆಯವರಿಗಿಂತ ನೂರಾರು ಪಟ್ಟು ಹೆಚ್ಚು. ಅದರಲ್ಲೂ ಪಾಲಿಶ್ ಹಚ್ಚೋರಲ್ಲಲ್ಲ, ಮರ ಕೊಯ್ದು ತಿದ್ದೋರಲ್ಲಿ. ಅಂದ್ರೆ ತಪ್ಪು ಬಣ್ಣದ್ದಲ್ಲ, ಹುಡಿಯದ್ದು. ಮಾರನೇ ವರ್ಷವೇ ಬ್ರಿಟನ್ ಸರ್ಕಾರ ಅದನ್ನ ಪರಿಹಾರ ಸಿಗೋ ಕಸುಬಿನ ಕಾಯಿಲೆ ಅಂತ ಒಪ್ಪಿಕೊಂಡಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಹುಡಿನ ಮೊದಲನೇ ಗುಂಪಿಗೆ ಹಾಕಿತು, ಅಂದ್ರೆ ಕ್ಯಾನ್ಸರ್ ತರೋದು ಖಾತ್ರಿ ಇರೋ ಗುಂಪು.

ಹೆದರಬೇಡಿ ಮತ್ತೆ. ಅಲ್ಲಿಯವರು ದಿನವಿಡೀ, ವರ್ಷಗಟ್ಟಲೆ ಮಿಷನ್ನಿನ ಹುಡಿ ಕುಡಿದವರು. ಆದ್ರೆ ಆ ಪಟ್ಟಿಯಲ್ಲಿದ್ದವರು ಕಾರ್ಖಾನೆ ಕೆಲಸದವರು ಅನ್ನೋದು ನನ್ನ ಮನಸ್ಸಲ್ಲಿ ಉಳೀತು. ನಮ್ಮ ಜಗಲಿ ಗುಡಿಸಿದವರ ಹೆಸರು ಕೋಠಿಯ ಲೆಕ್ಕದಲ್ಲೂ ಇಲ್ಲ, ಡಾಕ್ಟರ ಲೆಕ್ಕದಲ್ಲೂ ಇಲ್ಲ. ಕೆಮ್ಮು ಬಂದ್ರೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕ್ಕೋ, ಹುಡಿ ಇಳಿಯುತ್ತೆ ಅಂತ ಹೇಳೋರು. ಬೆಲ್ಲ ಹೊಟ್ಟೆಗೆ ಹೋಗುತ್ತೆ ಮಾರಾಯ್ತಿ, ಹುಡಿ ಶ್ವಾಸಕೋಶಕ್ಕೆ!

ಹಳೇ ಕಾಲದ್ದು ಚಕ್ಕೆ, ಸುರುಳಿ. ಉಳಿ, ಕೀಸುಳಿಯಿಂದ ಬೀಳೋದು ದಪ್ಪ, ಅಲ್ಲೇ ಕೂತಿರುತ್ತೆ, ಗುಡಿಸಿದ್ರೆ ಬರುತ್ತೆ. ಈಗ ಮನೆ ಹಿಂದಿನ ಶೆಡ್ಡಿನಲ್ಲಿ ಕರೆಂಟಿನ ಗರಗಸ, ಉಜ್ಜೋ ಮಿಷನ್ನು. ಅದರ ಹುಡಿ ಗೋಧಿಹಿಟ್ಟಿಗಿಂತ ನುಣ್ಣಗೆ, ಮಿಷನ್ ನಿಂತು ಎಷ್ಟೋ ಹೊತ್ತಾದ್ರೂ ಗಾಳಿಯಲ್ಲಿ ತೇಲ್ತಾ ಇರುತ್ತೆ. ಒಣ ಕಸಬರಿಗೆ ಹಾಕಿದ್ರೆ ಕೂತಿದ್ದೂ ಎದ್ದು ಬರುತ್ತೆ. ಕಂಪ್ರೆಸರ್ ಗಾಳಿ ಬಿಟ್ಟು ಬಟ್ಟೆ ಕೊಡವಿಕೊಳ್ಳೋದು ಅದಕ್ಕಿಂತ ಕೆಟ್ಟದ್ದು. ಮೂಗಿಗೆ ಸೆರಗು ಕಟ್ಟಿದ್ರೆ ಸಣ್ಣ ಹುಡಿ ನಿಲ್ಲಲ್ಲ, ಎನ್95 ಬೇಕು.

ನಮ್ಮ ಪೈಕಿ ನಾಲ್ಕು ಮನೆಯಲ್ಲಿ ಈಗ ಶೆಡ್ ಇದೆ, ನಾಲ್ಕರಲ್ಲೂ ಗುಡಿಸೋದು ಹೆಂಗಸರೇ. ಅವರಿಗೆ ಹೇಳೋದು ಇಷ್ಟೇ. ಮಿಷನ್ನಿನ ಬಾಯಿಗೇ ಹುಡಿ ಎಳೆಯೋ ವ್ಯಾಕ್ಯೂಮ್ ಪೈಪು ಹಾಕಿಸಿಕೊಳ್ಳಿ, ಮಿಷನ್ ತಗೊಳ್ಳೋವಾಗಲೇ ಕೇಳಿ. ಆಮೇಲೆ ಕೊಡಿಸ್ತೀನಿ ಅಂದವರು ಕೊಡಿಸಿದ್ದು ನಾನಂತೂ ನೋಡಿಲ್ಲ! ನೆಲಕ್ಕೆ ಒದ್ದೆ ಬಟ್ಟೆ, ಇಲ್ಲಾ ನೀರು ಚಿಮುಕಿಸಿ ಗುಡಿಸೋದು. ಕೆಲಸದ ಅಂಗಿ ಶೆಡ್ಡಿನಲ್ಲೇ ಬಿಚ್ಚಿಟ್ಟು ಒಳಗೆ ಬರಲಿ, ಮಗು ಎತ್ತಿಕೊಳ್ಳೋದು ಆಮೇಲೆ. ಇನ್ನೊಂದು, ಪ್ಲೈವುಡ್ಡಿನದ್ದು, ಎಂಡಿಎಫ್ ಹಲಗೆಯದ್ದು ಹುಡಿನ ಬಚ್ಚಲೊಲೆಗೆ ಹಾಕಬೇಡಿ. ಅದರಲ್ಲಿ ಅಂಟು ಇರುತ್ತೆ, ಆ ಹೊಗೆ ಹಳೇ ಹೊಟ್ಟಿನ ಒಲೆಯ ಹೊಗೆಯಂಥದ್ದಲ್ಲ.