ಬೆಳಕಿಗೊಂದು ತೂಬು: ಕಾರ್ಖಾನೆಯಿಂದ ರಣರಂಗಕ್ಕೆ ಸ್ಪಂದ ಲೇಸರ್

ಮಂಡ್ಯ, ಮದ್ದೂರು, ಮಳವಳ್ಳಿಯ ಓದುಗರಿಗೆ ತೂಬಿನ ಕೆಲಸವನ್ನು ವಿವರಿಸಬೇಕಿಲ್ಲ. ಮುಚ್ಚಿದಷ್ಟು ಹೊತ್ತು ನೀರು ಕೆರೆಯಲ್ಲಿ ನಿಲ್ಲುತ್ತದೆ. ತೆರೆದೊಡನೆ ರಭಸದಿಂದ ನುಗ್ಗುತ್ತದೆ. ಬೆಳಕಿಗೂ ಇಂಥದೊಂದು ತೂಬು ಇಡಬಹುದೆಂಬ ಯೋಚನೆ ಲೇಸರ್ ಇತಿಹಾಸಕ್ಕೆ ಹೊಸ ತಿರುವು ಕೊಟ್ಟಿತು.

1960ರ ಮೇ 16ರಂದು ಅಮೆರಿಕದ ಹ್ಯೂಸ್ ಸಂಶೋಧನಾಲಯದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. 1962ರಲ್ಲಿ ಅದೇ ಸಂಸ್ಥೆಯ ಮೆಕ್‌ಕ್ಲಂಗ್ ಮತ್ತು ಹೆಲ್‌ವಾರ್ತ್, ಹರಳು ಶಕ್ತಿಯನ್ನು ಕೂಡಿಟ್ಟುಕೊಳ್ಳುವವರೆಗೆ ಕನ್ನಡಿಗಳ ನಡುವಿನ ದಾರಿಯನ್ನು ಮುಚ್ಚಿ, ಅನಂತರ ಥಟ್ಟನೆ ತೆರೆದರು. ಇದೇ ಕ್ಯೂ-ಸ್ವಿಚಿಂಗ್. ಲೆಕ್ಕ ಮಾಡಿ ನೋಡಿ: 10 ಮಿಲಿಜೌಲ್ ಅತ್ಯಲ್ಪ ಶಕ್ತಿ. ಅದು 10 ನ್ಯಾನೊಸೆಕೆಂಡಿನಲ್ಲಿ ಹೊರಬಿದ್ದರೆ ಆ ಕ್ಷಣದ ಸಾಮರ್ಥ್ಯ 10 ಲಕ್ಷ ವಾಟ್!

1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ನಿಯೋಡೈಮಿಯಂ-ಯಾಗ್ ಲೇಸರ್ ಬಂದಿತು. 1965ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ, ತಂತಿ ಎಳೆಯುವ ವಜ್ರದ ಅಚ್ಚುಗಳಿಗೆ ಲೇಸರ್ ಸ್ಪಂದಗಳಿಂದಲೇ ರಂಧ್ರ ಕೊರೆಯತೊಡಗಿತು. ಸೈನ್ಯಕ್ಕೆ ಇದೇ ಸ್ಪಂದ ದೂರ ಅಳೆಯುವ ಸಾಧನವಾಯಿತು. ಮಂಡ್ಯದಿಂದ ಮದ್ದೂರು ಸುಮಾರು 20 ಕಿಲೋಮೀಟರ್. ಅಷ್ಟು ದೂರ ಬೆಳಕು ಹೋಗಿಬರಲು 133 ಮೈಕ್ರೊಸೆಕೆಂಡ್ ಸಾಕು. ಸ್ಪಂದ ಗಿಡ್ಡವಾದಷ್ಟೂ ಅಳತೆ ನಿಖರ.

ಹಾಗಾದರೆ ಕಾರ್ಖಾನೆಯ ಲೇಸರನ್ನೇ ಟ್ಯಾಂಕಿಗೆ ಜೋಡಿಸಬಹುದೇ? ಸಾಧ್ಯವಿಲ್ಲ. ಕಾರ್ಖಾನೆಯಲ್ಲಿ ಅಲುಗದ ನೆಲ, ನಿರಂತರ ವಿದ್ಯುತ್ತು, ಬೇಕಾದಲ್ಲಿ ತಂಪುಗೊಳಿಸುವ ನೀರು ಇರುತ್ತವೆ. ಅಲ್ಲಿನ ಯಂತ್ರ ಸೆಕೆಂಡಿಗೆ ಸಾವಿರಾರು ಸ್ಪಂದ ಹೊಮ್ಮಿಸಬೇಕು. ಸೈನಿಕನ ಕೈಯಲ್ಲಿರುವ ಸಾಧನಕ್ಕೆ ಕೆಲವೇ ಸ್ಪಂದ ಸಾಕು. ಆದರೆ ಅದು ಬ್ಯಾಟರಿಯಲ್ಲಿ ನಡೆಯಬೇಕು, ಮರುಭೂಮಿಯ ಬಿಸಿಲನ್ನೂ ಹಿಮಾಲಯದ ಚಳಿಯನ್ನೂ ತಡೆಯಬೇಕು, ಗಾಡಿಯ ಕುಲುಕಾಟದಲ್ಲೂ ಕನ್ನಡಿಗಳು ಕೂದಲೆಳೆಯಷ್ಟೂ ಜರುಗಬಾರದು. ಭೌತತತ್ತ್ವ ಒಂದೇ ಆದರೂ ಎಂಜಿನಿಯರಿಂಗ್ ಬೇರೆ.

1999ರ ಕಾರ್ಗಿಲ್ ಸಂಘರ್ಷದಲ್ಲಿ ಭಾರತೀಯ ವಾಯುಪಡೆಯ ಮಿರಾಜ್ ವಿಮಾನಗಳು ಲೇಸರ್ ಮಾರ್ಗದರ್ಶಿ ಬಾಂಬುಗಳನ್ನು ಪ್ರಯೋಗಿಸಿದವು. ಗುರಿಯ ಮೇಲೆ ಬೀಳುವ ಸ್ಪಂದಗಳಿಗೆ ನಿಗದಿತ ಲಯವಿರುತ್ತದೆ. ಬಾಂಬಿನ ಮೂತಿಯಲ್ಲಿರುವ ಸಂವೇದಕ ಆ ಲಯವನ್ನು ಗುರುತಿಸಿ ಅತ್ತ ತಿರುಗುತ್ತದೆ. ಮುಂದೆ ಇಂಥದೇ ‘ಸುದರ್ಶನ’ ಕಿಟ್ಟನ್ನು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎಡಿಇ) ರೂಪಿಸಿತು.

ಇಲ್ಲೊಂದು ಅಪಾಯವನ್ನು ಮರೆಯುವಂತಿಲ್ಲ. ಯಾಗ್ ಲೇಸರಿನ 1064 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣದು. ಆದರೂ ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಮೇಲೆ ಚುಕ್ಕೆಯಾಗಿ ಕೇಂದ್ರೀಕರಿಸುತ್ತದೆ. ರೆಪ್ಪೆ ಮುಚ್ಚುವ ಮೊದಲೇ ಸುಟ್ಟಿರುತ್ತದೆ. ಆ ಗಾಯ ಮಾಯುವುದಿಲ್ಲ. ಈ ಕಾರಣದಿಂದಲೇ ಅನೇಕ ದೂರಮಾಪಕಗಳು 1540 ನ್ಯಾನೊಮೀಟರಿನ ಆಸುಪಾಸಿಗೆ ಬದಲಾದವು. ಆ ಬೆಳಕನ್ನು ಕಣ್ಣಿನ ಮುಂಭಾಗದ ದ್ರವವೇ ಬಹುಪಾಲು ಹೀರಿಕೊಳ್ಳುತ್ತದೆ. ಶಾಶ್ವತ ಕುರುಡು ಉಂಟುಮಾಡಲೆಂದೇ ತಯಾರಿಸಿದ ಲೇಸರ್ ಆಯುಧಗಳನ್ನು 1995ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಭಾರತವೂ ಅದಕ್ಕೆ ಬದ್ಧವಾಗಿದೆ.

ಬೇರಿಂಗ್ ಮೇಲೆ ಅಂಕಿ ಕೊರೆಯುವ ಚಿಕ್ಕ ಫೈಬರ್ ಲೇಸರ್ ಯಂತ್ರದ ಬೆಳಕೂ ಸಾಮಾನ್ಯವಾಗಿ ಇದೇ 1064 ನ್ಯಾನೊಮೀಟರಿನ ಸುತ್ತಲಿನದು. ನಿಮ್ಮೂರಿನ ಯಾವುದಾದರೂ ಕಾರ್ಖಾನೆಯಲ್ಲಿ ಅದನ್ನು ಕಂಡರೆ, ಮುಚ್ಚಳ ಭದ್ರವಾಗಿದೆಯೇ, ಕೆಲಸ ಮಾಡುವ ಹುಡುಗ ಆ ತರಂಗದೂರಕ್ಕೆ ತಕ್ಕ ಕನ್ನಡಕ ಧರಿಸಿದ್ದಾನೆಯೇ ಎಂದು ಮೊದಲು ನೋಡಿ. ರಣರಂಗದ ಕಣ್ಣಿಗೆ ಕಾನೂನಿನ ರಕ್ಷಣೆ ದೊರೆತಿದೆ. ಕಾರ್ಖಾನೆಯ ಕಣ್ಣಿಗೆ ನಮ್ಮ ಎಚ್ಚರವೇ ರಕ್ಷಣೆ.