ಬಾರ್ಬರಾ ಕುಕ್: ರಂಗದಿಂದ ಧ್ವನಿಮುದ್ರಿಕೆಗೆ

ಬಾರ್ಬರಾ ಕುಕ್ (1927–2017): ಅಮೆರಿಕದ ನಟಿ, ಗಾಯಕಿ. 1950ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳ ಎಳೆಯ ನಾಯಕಿಯಾಗಿ ಹೆಸರಾದವರು. ಪಾತ್ರಗಳು ಬರುವುದು ನಿಂತಮೇಲೆ, ನಲವತ್ತೇಳರ ವಯಸ್ಸಿನಲ್ಲಿ, ಕಛೇರಿ ಮತ್ತು ಧ್ವನಿಮುದ್ರಿಕೆಗಳ ಗಾಯಕಿಯಾಗಿ ಎರಡನೆಯ ಬಾರಿ ಬೆಳಕಿಗೆ ಬಂದರು. ಮೊದಲ ಖ್ಯಾತಿ ಹದಿನೈದು ವರ್ಷಕ್ಕೆ ಮುಗಿಯಿತು. ಎರಡನೆಯದು ನಲವತ್ತು ವರ್ಷ ಉಳಿಯಿತು. ಅವರನ್ನು ರಂಗನಟಿಯೆಂದು ಮಾತ್ರ ನೆನೆಯುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಹುಟ್ಟಿದ್ದು ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ, 1927ರ ಅಕ್ಟೋಬರ್ 25ರಂದು. ತಂದೆ ಊರೂರು ತಿರುಗಿ ಟೋಪಿ ಮಾರುತ್ತಿದ್ದವರು, ತಾಯಿ ಟೆಲಿಫೋನ್ ಆಪರೇಟರ್. ತಂಗಿ ಹಸುಳೆಯಾಗಿದ್ದಾಗಲೇ ತೀರಿಕೊಂಡಳು; ತಂದೆ-ತಾಯಿ ಬೇರೆಯಾದರು. ತಂಗಿಯ ಸಾವಿಗೂ ತಂದೆ ಮನೆ ಬಿಟ್ಟದ್ದಕ್ಕೂ ತಾನೇ ಕಾರಣವೆಂದು ನಂಬಿ ಬೆಳೆದದ್ದನ್ನು ಕುಕ್ ಆತ್ಮಕಥೆಯಲ್ಲಿ ನೇರವಾಗಿ ಬರೆದಿದ್ದಾರೆ. 1948ರಲ್ಲಿ ತಾಯಿಯ ಜೊತೆ ನ್ಯೂಯಾರ್ಕ್ ನೋಡಲು ಹೋದರು. ತಾಯಿ ಹಿಂದಿರುಗಿದರು, ಮಗಳು ಅಲ್ಲೇ ಉಳಿದಳು. ಹಗಲು ಟೈಪಿಸ್ಟ್ ಕೆಲಸ ಮಾಡುತ್ತ, ಸಣ್ಣ ಕ್ಲಬ್ಬುಗಳಲ್ಲೂ ಬೇಸಿಗೆಯ ವಿಹಾರಧಾಮಗಳಲ್ಲೂ ಹಾಡುತ್ತ, 1951ರಲ್ಲಿ ‘ಫ್ಲಹೂಲಿ’ ಎಂಬ ನಾಟಕದ ಮೂಲಕ ಬ್ರಾಡ್‌ವೇ ಮೆಟ್ಟಿಲು ಹತ್ತಿದರು. ನಾಟಕ ನಲವತ್ತು ಪ್ರದರ್ಶನಕ್ಕೆ ಮುಗಿದುಹೋಯಿತು. ಆದರೂ ಕ್ಯಾಪಿಟಲ್ ಕಂಪನಿ ಅದರ ಹಾಡುಗಳನ್ನು ಧ್ವನಿಮುದ್ರಿಸಿ ಮಾರುಕಟ್ಟೆಗೆ ಬಿಟ್ಟಿತು. ನಾಟಕ ಬಿದ್ದರೂ ಗ್ರಾಮಫೋನ್ ತಟ್ಟೆ ಬದುಕುವ ಈ ಕಥೆ ಅವರ ಬಾಳಿನಲ್ಲಿ ಮತ್ತೆ ಮತ್ತೆ ನಡೆಯಿತು.

ಇದು ಅರ್ಥವಾಗಬೇಕಾದರೆ ಆ ಕಾಲದ ಗ್ರಾಮಫೋನ್ ವ್ಯಾಪಾರವನ್ನು ತುಸು ತಿಳಿಯಬೇಕು. ಹಳೆಯ 78 ವೇಗದ ತಟ್ಟೆಯ ಒಂದು ಬದಿಯಲ್ಲಿ ಮೂರು-ನಾಲ್ಕು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ಎಂಬ ದೀರ್ಘವಾದನದ ತಟ್ಟೆ ತಂದಮೇಲೆ ಒಂದಿಡೀ ನಾಟಕದ ಹಾಡುಗಳು ಒಂದೇ ತಟ್ಟೆಯಲ್ಲಿ ಕೂರುವಂತಾಯಿತು. ಹೊಸ ನಾಟಕ ರಂಗಕ್ಕೆ ಬಂದ ಮೊದಲ ಭಾನುವಾರ, ನಟವರ್ಗಕ್ಕೆ ರಜೆಯ ದಿನ, ಎಲ್ಲರನ್ನೂ ಸ್ಟುಡಿಯೋಗೆ ಕರೆಸಿ ಒಂದೇ ದಿನದಲ್ಲಿ ಇಡೀ ಧ್ವನಿಮುದ್ರಣ ಮುಗಿಸುವುದು ವಾಡಿಕೆಯಾಯಿತು. ಕೊಲಂಬಿಯಾದ ಗಾಡರ್ಡ್ ಲೀಬರ್ಸನ್ ಈ ಕೆಲಸದಲ್ಲಿ ಪಳಗಿದ ನಿರ್ಮಾಪಕ. 1956ರ ‘ಮೈ ಫೇರ್ ಲೇಡಿ’ಗೆ ಹಣ ಹಾಕಿದ್ದು ಕೊಲಂಬಿಯಾದ ಒಡೆತನ ಹೊಂದಿದ್ದ ಸಿಬಿಎಸ್ ಸಂಸ್ಥೆಯೇ. ನಮ್ಮ ಕಂಪನಿ ನಾಟಕಗಳ ಹಾಡುಗಾರ ನಟರು ಹಾರ್ಮೋನಿಯಂ ಮುಂದಿಟ್ಟುಕೊಂಡು ಗ್ರಾಮಫೋನ್ ಕಹಳೆಗೆ ಹಾಡಿದಂತೆಯೇ ಇದೂ. ಆದರೆ ಅಲ್ಲಿ ಅದು ರಂಗಭೂಮಿಯ ಹಣಕಾಸಿಗೂ ಆಸರೆಯಾಗಿತ್ತು.

ಕುಕ್ ಅವರ ಮುಂದಿನ ನಾಟಕಗಳು: 1953ರಲ್ಲಿ ನ್ಯೂಯಾರ್ಕಿನ ಸಿಟಿ ಸೆಂಟರ್ ರಂಗಮಂದಿರದ ‘ಒಕ್ಲಹೋಮಾ!’, ಮರುವರ್ಷ ‘ಕ್ಯಾರೂಸಲ್’, 1955ರಲ್ಲಿ ‘ಪ್ಲೇನ್ ಅಂಡ್ ಫ್ಯಾನ್ಸಿ’. ಈ ಕೊನೆಯದು 461 ಪ್ರದರ್ಶನ ಕಂಡಿತು. ಆಮೇಲೆ ಬಂದದ್ದು ‘ಕ್ಯಾಂಡೀಡ್’.

ವೋಲ್ಟೇರನ ಕಥೆಗೆ ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ ಕೊಟ್ಟ ಈ ನಾಟಕ 1956ರ ಡಿಸೆಂಬರ್ 1ರಂದು ತೆರೆಕಂಡಿತು. ಕುಕ್ ಅವರದು ಕುನೆಗೊಂಡೆಯ ಪಾತ್ರ. ಅವಳಿಗಾಗಿ ಬರ್ನ್‌ಸ್ಟೈನ್ ರಚಿಸಿದ್ದ ‘ಗ್ಲಿಟರ್ ಅಂಡ್ ಬಿ ಗೇ’ ಎಂಬ ಗೀತೆ ಒಪೆರಾ ಗಾಯಕಿಯರ ಬೆವರಿಳಿಸುವಂಥದು: ತಾರಸ್ಥಾಯಿಯ ತುತ್ತತುದಿಗೆ ಹತ್ತಿ ಅಲ್ಲಿಂದ ಪಟಪಟನೆ ಉದುರುವ ಬಿರ್ಕಾಗಳು, ಅದರ ನಡುವೆ ಅಳು, ಅದರ ಮೇಲೆ ನಗು. ಒಪೆರಾ ಗಾಯಕಿ ಇಂಥ ಹಾಡನ್ನು ಹಾಡಿದ ಮೇಲೆ ಒಂದೆರಡು ದಿನ ಕಂಠಕ್ಕೆ ಬಿಡುವು ಕೊಡುತ್ತಾಳೆ. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನ. ಒಪೆರಾ ಮನೆಯ ಮೆಟ್ಟಿಲನ್ನೇ ಹತ್ತದ ಹುಡುಗಿ ಇದನ್ನು ನಿಭಾಯಿಸಿದ್ದಷ್ಟೇ ಅಲ್ಲ, ಆ ಕಸರತ್ತಿನೊಳಗಿನ ಹಾಸ್ಯವನ್ನೂ ದಾಟಿಸಿದಳು. ನಾಟಕ 73 ಪ್ರದರ್ಶನಕ್ಕೆ ನಿಂತಿತು. ಅದನ್ನು ಉಳಿಸಿದ್ದು ಲೀಬರ್ಸನ್ ಮಾಡಿಸಿದ ಧ್ವನಿಮುದ್ರಿಕೆ. ರಂಗದ ಮೇಲೆ ‘ಕ್ಯಾಂಡೀಡ್’ ನೋಡದ ಸಾವಿರಾರು ಜನ ಅದನ್ನು ತಟ್ಟೆಯಲ್ಲಿ ಕೇಳಿ ಮೆಚ್ಚಿದರು. 1970ರ ದಶಕದಲ್ಲಿ ಅದು ಮತ್ತೆ ರಂಗಕ್ಕೆ ಬರಲು ಈ ಮೆಚ್ಚುಗೆಯ ಪಾಲು ದೊಡ್ಡದು. ಆಮೇಲೆ ಈ ಹಾಡನ್ನು ಎಷ್ಟೋ ಪ್ರಸಿದ್ಧ ಸೊಪ್ರಾನೊಗಳು ಹಾಡಿದ್ದಾರೆ. ಹಾಡಿನ ಶುದ್ಧಿಯಲ್ಲಿ ಕೆಲವರು ಕುಕ್ ಅವರನ್ನು ಮೀರಿಸಿರಬಹುದು; ಪಾತ್ರವನ್ನು ಹಾಡಿನಲ್ಲಿ ಹಿಡಿಯುವುದರಲ್ಲಿ ಮೀರಿಸಿಲ್ಲ.

ಜನಪ್ರಿಯತೆ ತಂದದ್ದು ಮಾತ್ರ 1957ರ ಡಿಸೆಂಬರಿನಲ್ಲಿ ತೆರೆಕಂಡ ‘ದಿ ಮ್ಯೂಸಿಕ್ ಮ್ಯಾನ್’. ಸಣ್ಣ ಊರಿನ ಗ್ರಂಥಪಾಲಕಿ ಮೇರಿಯನ್ ಪಾತ್ರಕ್ಕೆ ಕುಕ್ ಅವರಿಗೆ ಟೋನಿ ಪ್ರಶಸ್ತಿ ಬಂತು. ನಾಟಕ 1,375 ಪ್ರದರ್ಶನ ಕಂಡಿತು. ಅದರ ಎಲ್‌ಪಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಹನ್ನೆರಡು ವಾರ ಇತ್ತು. ಗ್ರ್ಯಾಮಿ ಪ್ರಶಸ್ತಿಗಳು ಶುರುವಾದಾಗ ನಾಟಕ ಧ್ವನಿಮುದ್ರಿಕೆಗೆ ಮೀಸಲಾದ ಮೊದಲ ಗ್ರ್ಯಾಮಿ ಅದಕ್ಕೇ ಸಂದಿತು. 1962ರಲ್ಲಿ ಚಲನಚಿತ್ರವಾದಾಗ ಮೇರಿಯನ್ ಪಾತ್ರ ಶರ್ಲಿ ಜೋನ್ಸ್ ಪಾಲಾಯಿತು. ಹಾಲಿವುಡ್ ಬ್ರಾಡ್‌ವೇ ನಾಯಕಿಯರನ್ನು ಹೀಗೆ ಬದಿಗೆ ಸರಿಸಿದ್ದು ಅದೇ ಮೊದಲೂ ಅಲ್ಲ, ಕೊನೆಯೂ ಅಲ್ಲ. ಪರಿಣಾಮವಾಗಿ ಕುಕ್ ಅವರ ಹರೆಯದ ಅಭಿನಯ ತೆರೆಯ ಮೇಲೆ ಹೆಚ್ಚು ಉಳಿದಿಲ್ಲ. ಧ್ವನಿ ಮಾತ್ರ ಉಳಿದಿದೆ.

1963ರ ‘ಷಿ ಲವ್ಸ್ ಮಿ’ ಅವರ ರಂಗಜೀವನದ ಅತ್ಯಂತ ಹದವಾದ ಕೆಲಸ. ಹಂಗೇರಿಯ ಸುಗಂಧದ್ರವ್ಯದ ಅಂಗಡಿಯೊಂದರಲ್ಲಿ ನಡೆಯುವ ಈ ಪ್ರೇಮಕಥೆಗೆ ಸಂಗೀತ ಜೆರ್ರಿ ಬಾಕ್, ಗೀತರಚನೆ ಶೆಲ್ಡನ್ ಹಾರ್ನಿಕ್, ನಿರ್ದೇಶನ ಹೆರಾಲ್ಡ್ ಪ್ರಿನ್ಸ್. ಜ್ವರವೆಂದು ಮಲಗಿದ್ದ ನಾಯಕಿಗೆ ಸಹೋದ್ಯೋಗಿ ಐಸ್‌ಕ್ರೀಮ್ ತಂದುಕೊಟ್ಟು ಹೋಗುತ್ತಾನೆ. ಪತ್ರ ಬರೆಯಲು ಕೂತ ಅವಳ ಮನಸ್ಸು ಅವನತ್ತಲೇ ಜಾರುತ್ತದೆ. ಇಷ್ಟೇ ಪ್ರಸಂಗ. ಅನುಮಾನದಿಂದ ಅಚ್ಚರಿಗೆ, ಅಚ್ಚರಿಯಿಂದ ಹಿಗ್ಗಿಗೆ ಒಂದೇ ಹಾಡಿನಲ್ಲಿ ಸಾಗುವ ಆ ದನಿ ಕುಕ್ ಅವರ ಗುರುತಾಯಿತು. ಇಲ್ಲೂ ಪ್ರದರ್ಶನಗಳು ಮುನ್ನೂರಕ್ಕೆ ನಿಂತವು, ಎರಡು ತಟ್ಟೆಗಳ ಎಲ್‌ಪಿ ಉಳಿಯಿತು.

ಆಮೇಲೆ ಇಳಿಗಾಲ. ರಾಕ್ ಸಂಗೀತ ಬಂದು ಕೇಳುಗರ ರುಚಿ ಬದಲಾಯಿತು. ಮುಗ್ಧ ನಾಯಕಿಯ ಪಾತ್ರ ಬರೆಯುವವರೇ ಕಡಿಮೆಯಾದರು. 1965ರಲ್ಲಿ ಮದುವೆ ಮುರಿಯಿತು. ಕುಡಿತ ಹಿಡಿಯಿತು, ಖಿನ್ನತೆ ಕವಿಯಿತು, ಮೈ ತೂಕ ಏರಿತು. 1971ರಲ್ಲಿ ‘ದಿ ಗ್ರಾಸ್ ಹಾರ್ಪ್’ ಏಳು ಪ್ರದರ್ಶನಕ್ಕೆ ಮುಚ್ಚಿತು. 1972ರಲ್ಲಿ ಗಾರ್ಕಿಯ ನಾಟಕವೊಂದರಲ್ಲಿ ಅಭಿನಯಿಸಿದ ಮೇಲೆ ಕೆಲಸವೇ ಇಲ್ಲದಂತಾಯಿತು. ಕೈಯಲ್ಲಿ ಕಾಸಿಲ್ಲದೆ ಅಂಗಡಿಯಿಂದ ಆಹಾರ ಕದ್ದದ್ದುಂಟೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ತಿರುವು ಬಂದದ್ದು 1974ರಲ್ಲಿ, ವಾಲಿ ಹಾರ್ಪರ್ ಎಂಬ ಪಿಯಾನೋ ವಾದಕ ಹಾಗೂ ಸಂಗೀತ ಸಂಯೋಜಕನ ಪರಿಚಯದಿಂದ. ಇಬ್ಬರೂ ಸೇರಿ ಹಾಡು ಆರಿಸಿ, ಶ್ರುತಿ ಹೊಂದಿಸಿ, ಸಣ್ಣ ಸಭಾಂಗಣಗಳಲ್ಲಿ ಪ್ರಯೋಗಿಸಿ, 1975ರ ಜನವರಿ 26ರಂದು ಕಾರ್ನೆಗಿ ಹಾಲ್ ವೇದಿಕೆ ಏರಿದರು. ಬ್ರಾಡ್‌ವೇ ಕಂಡಿದ್ದ ತೆಳು ಹುಡುಗಿಯ ಜಾಗದಲ್ಲಿ ದಪ್ಪನೆಯ ಮಧ್ಯವಯಸ್ಕ ಹೆಂಗಸು. ಕಂಠ ಮಾತ್ರ ಹಾಗೆಯೇ ಇತ್ತು, ಅದರೊಳಗೆ ಬಾಳು ಕಂಡ ಭಾರವೂ ಸೇರಿತ್ತು. ಆ ಸಂಜೆಯನ್ನು ಕೊಲಂಬಿಯಾ ಎಲ್‌ಪಿಯಾಗಿ ಹೊರತಂದಿತು. ಕುಡಿತ ಒಮ್ಮೆಲೇ ಬಿಡಲಿಲ್ಲ, ಅದಕ್ಕೆ ಇನ್ನೂ ಎರಡು-ಮೂರು ವರ್ಷ ಬೇಕಾಯಿತು. ಆದರೆ ದಾರಿ ಸಿಕ್ಕಿತ್ತು. ಹಾರ್ಪರ್ 2004ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಅವರ ಜೊತೆಗಿದ್ದರು. ಎರಡನೆಯ ವೃತ್ತಿಜೀವನದ ಅರ್ಧ ಶ್ರೇಯಸ್ಸು ಹಾರ್ಪರ್ ಅವರಿಗೆ ಸಲ್ಲಬೇಕು; ಸಾಮಾನ್ಯವಾಗಿ ಸಲ್ಲುವುದಿಲ್ಲ.

ಈ ಹಂತದಲ್ಲಿ ಬದಲಾದದ್ದು ಹಾಡುವ ಕ್ರಮ. ಎತ್ತರದ ಸ್ವರಗಳ ಹಂಗು ಹಿಂದೆ ಸರಿಯಿತು, ಸಾಹಿತ್ಯ ಮುಂದೆ ಬಂತು. ಶಬ್ದಗಳನ್ನು ಮಾತಿನ ಹತ್ತಿರಕ್ಕೆ ತಂದು, ಉಸಿರನ್ನು ಅರ್ಥದ ಜಾಗದಲ್ಲಿ ಬಿಟ್ಟು ಹಾಡುವ ಅವರ ರೀತಿಗೆ ಒಳ್ಳೆಯ ನಿದರ್ಶನ ನಾಟಕಗಳ ಗೀತ-ಸಂಗೀತಕಾರ ಸ್ಟೀಫನ್ ಸೋಂಡ್‌ಹೈಮ್ ಅವರ ‘ಫಾಲೀಸ್’. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದೊಂದಿಗೆ ಎರಡು ದಿನ ನಡೆದ ಕಛೇರಿ ರೂಪದ ಪ್ರಯೋಗವದು. 1971ರ ಮೂಲ ನಾಟಕದ ಧ್ವನಿಮುದ್ರಿಕೆಯಲ್ಲಿ ಹಾಡುಗಳನ್ನು ಕತ್ತರಿಸಿದ್ದರಿಂದ, ಈ ಬಾರಿ ಆರ್‌ಸಿಎ ಕಂಪನಿ ಪೂರ್ತಿಯಾಗಿ ದಾಖಲಿಸಲು ಹೊರಟಿತ್ತು. ಸ್ಯಾಲಿ ಎಂಬ ಭಗ್ನ ಗೃಹಿಣಿಯಾಗಿ ಕುಕ್ ಹಾಡಿದ ‘ಲೂಸಿಂಗ್ ಮೈ ಮೈಂಡ್’ನಲ್ಲಿ ಗೋಳಾಟವಿಲ್ಲ, ನೋವಿನ ವರದಿಯಷ್ಟೇ ಇದೆ. ಸೋಂಡ್‌ಹೈಮ್ ಹಾಡುಗಳ ಶ್ರೇಷ್ಠ ವ್ಯಾಖ್ಯಾನಕಾರ್ತಿಯೆಂಬ ಹೆಸರು ಅಂದಿನಿಂದ ಅವರಿಗೆ ನಿಂತಿತು.

ಹಳೆಯ ರಂಗಕ್ಕೆ ಮರಳುವ ಯತ್ನವೊಂದು ಕೆಟ್ಟಿತು. 1988ರಲ್ಲಿ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ‘ಕ್ಯಾರಿ’ ಎಂಬ ನಾಟಕದಲ್ಲಿ ತಾಯಿಯ ಪಾತ್ರ ವಹಿಸಿದ್ದಾಗ ರಂಗಸಜ್ಜಿಕೆ ತಲೆಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಅವರು ಬಿಟ್ಟು ಬಂದರು. ಬ್ರಾಡ್‌ವೇಗೆ ಹೋದ ಆ ನಾಟಕ ಐದೇ ಪ್ರದರ್ಶನದಲ್ಲಿ ಮುಗಿಯಿತು.

ನಂತರದ ಆಲ್ಬಮ್‌ಗಳು ಹಲವು: ಡಿಸ್ನಿ ಚಿತ್ರಗಳ ಹಾಡುಗಳು, ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದ ಹಾಡುಗಳು, ಡೊರೊಥಿ ಫೀಲ್ಡ್ಸ್ ಅವರ ಗೀತೆಗಳು. ಎಲ್ಲವೂ ಒಂದೇ ಮಟ್ಟದವಲ್ಲ. ಕೆಲವಲ್ಲಿ ವಾದ್ಯಸಂಯೋಜನೆ ಸಪ್ಪೆ. 2001ರ ‘ಮೋಸ್ಟ್‌ಲಿ ಸೋಂಡ್‌ಹೈಮ್’ ಮಾತ್ರ ಕಲ್ಪನೆಯಲ್ಲೂ ಹಾಡಿಕೆಯಲ್ಲೂ ಎದ್ದು ಕಾಣುವಂಥದು. ಸೋಂಡ್‌ಹೈಮ್ ರಚನೆಗಳ ಜೊತೆಗೆ, ತಾನು ಬರೆದಿದ್ದರೆ ಚೆನ್ನಾಗಿತ್ತೆಂದು ಅವರು ಪಟ್ಟಿ ಮಾಡಿದ್ದ ಬೇರೆಯವರ ಹಾಡುಗಳನ್ನೂ ಕುಕ್ ಅದರಲ್ಲಿ ಹಾಡಿದರು.

2006ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಅವರ ಏಕವ್ಯಕ್ತಿ ಕಛೇರಿ ಏರ್ಪಡಿಸಿತು. ಆ ಸಂಸ್ಥೆ ಜನಪ್ರಿಯ ಸಂಗೀತದ ಗಾಯಕಿಯೊಬ್ಬರ ಏಕವ್ಯಕ್ತಿ ಕಛೇರಿ ನಡೆಸಿದ್ದು ಅದೇ ಮೊದಲು. 2010ರಲ್ಲಿ ‘ಸೋಂಡ್‌ಹೈಮ್ ಆನ್ ಸೋಂಡ್‌ಹೈಮ್’ ಮೂಲಕ ಬ್ರಾಡ್‌ವೇ ನಾಟಕಕ್ಕೆ ಮರಳಿ, ಎಂಬತ್ತೆರಡರ ವಯಸ್ಸಿನಲ್ಲಿ ಟೋನಿ ನಾಮನಿರ್ದೇಶನ ಪಡೆದರು. 2011ರಲ್ಲಿ ಕೆನಡಿ ಸೆಂಟರ್ ಗೌರವ ಸಂದಿತು. ಎಳೆಯ ಗಾಯಕರಿಗೆ ಪಾಠ ಹೇಳುವಾಗ, ಚೆಂದದ ನಾದ ತೆಗೆಯುವ ಹಟ ಬಿಟ್ಟು ತಾವು ತಾವಾಗಿಯೇ ಹಾಡಿದರೆ ಸಾಕೆಂದು ಒತ್ತಿ ಹೇಳುತ್ತಿದ್ದರು. ಆತ್ಮಕಥೆ ‘ದೆನ್ ಅಂಡ್ ನೌ’ 2016ರಲ್ಲಿ ಪ್ರಕಟವಾಯಿತು. 2017ರ ಆಗಸ್ಟ್ 8ರಂದು ಮ್ಯಾನ್‌ಹಟನ್ ಮನೆಯಲ್ಲಿ ನಿಧನರಾದಾಗ 89 ವರ್ಷ. ಬ್ರಾಡ್‌ವೇ ರಂಗಮಂದಿರಗಳು ಗೌರವಾರ್ಥ ದೀಪ ಮಂಕಾಗಿಸಿದವು.

ಕುಕ್ ಅವರನ್ನು ಹೊಸದಾಗಿ ಕೇಳುವವರು 1956ರ ‘ಕ್ಯಾಂಡೀಡ್’ ಮತ್ತು 1985ರ ‘ಫಾಲೀಸ್’ ಧ್ವನಿಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಬೇಕು. 1975ರ ಕಾರ್ನೆಗಿ ಹಾಲ್ ತಟ್ಟೆಯನ್ನು ಆಮೇಲೆ.